ಗೋಧಿಯ ಗುಟ್ಟು ಬಿಡಿಸಿದ ಡಾಕ್ಟರ್

ಗಂಜಿ, ನೀರುದೋಸೆ, ಪುಂಡಿ, ಕೋರಿರೊಟ್ಟಿ. ನಮ್ಮ ಫರಂಗಿಪೇಟೆಯ ಮನೆಗಳಲ್ಲಿ ಇವೆಲ್ಲ ಮಾಮೂಲಿ ಅಕ್ಕಿಯ ತಿನಿಸುಗಳು. ಸೀಲಿಯಾಕ್ ಕಾಯಿಲೆ ಇರುವ ನನಗೆ ಇವೇ ಔಷಧ. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಎಂಬ ಅಂಶ ಹೊಟ್ಟೆಗೆ ಹೋದರೆ ನನ್ನಂಥವರ ಸಣ್ಣಕರುಳಿನ ಒಳಪದರ ಹಾಳಾಗುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಇದಕ್ಕೆ ಮಾತ್ರೆಯಿಲ್ಲ, ಪಥ್ಯವೊಂದೇ ದಾರಿ. ಆ ದಾರಿ ತೋರಿಸಿದವರು ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ.

ಡಿಕ್ಕೆ ಹುಟ್ಟಿದ್ದು 1905ರಲ್ಲಿ. ಲೈಡನ್‌ನಲ್ಲಿ ವೈದ್ಯಕೀಯ ಓದಿ, 1936ರಲ್ಲಿ ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ನಿರ್ದೇಶಕರಾದಾಗ ಅವರಿಗೆ 31 ವರ್ಷ. ನಮ್ಮಲ್ಲಿ ಅನೇಕರು ಇನ್ನೂ ಕೆಲಸ ಹುಡುಕುತ್ತಿರುವ ವಯಸ್ಸು!

ಕಾಯಿಲೆ ಆಗಲೇ ಗೊತ್ತಿತ್ತು. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಅದರ ಲಕ್ಷಣ ವಿವರಿಸಿ, ಗುಣವಾಗುವುದಾದರೆ ಆಹಾರದಿಂದಲೇ ಎಂದು ಊಹಿಸಿದ್ದರು. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಸೂಚಿಸಿದರು. ಮಕ್ಕಳು ಚೇತರಿಸಿಕೊಂಡರು, ಆದರೆ ಅಸಲಿ ಅಪರಾಧಿ ಯಾರೆಂದು ತಿಳಿದಿರಲಿಲ್ಲ. ಗುಣವಾಯಿತೆಂದು ಮತ್ತೆ ಬ್ರೆಡ್ ಕೊಟ್ಟರೆ ಕಾಯಿಲೆಯೂ ಮರಳುವ ಅಪಾಯವಿತ್ತು.

ಬ್ರೆಡ್ ನಿಲ್ಲಿಸಿದಾಗ ಮಗು ಸುಧಾರಿಸಿತೆಂದು ಒಬ್ಬ ತಾಯಿ ಹೇಳಿದ ಮಾತು ಡಿಕ್ಕೆಯವರ ಗಮನ ಸೆಳೆಯಿತು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಅಮ್ಮನ ಮಾತೆಂದು ಅವರು ತಳ್ಳಿಹಾಕಲಿಲ್ಲ. ಗೋಧಿಯಿಲ್ಲದ ಪಥ್ಯ ಕೊಟ್ಟು ನೋಡಿ, 1941ರಲ್ಲೇ ಅದರ ಬಗ್ಗೆ ಬರೆದರು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಆ ದೇಶದಲ್ಲಿ ಭೀಕರ ಬರ ಬಂತು. ಬ್ರೆಡ್ ಸಿಗದ ಆ ದಿನಗಳಿಂದಲೇ ಈ ಶೋಧವಾಯಿತೆಂಬ ಕಥೆ ಪ್ರಸಿದ್ಧ. ನಿಜವೆಂದರೆ, ಅವರ ಕೆಲಸ ಅದಕ್ಕೂ ಮೊದಲೇ ಆರಂಭವಾಗಿತ್ತು.

ಯುದ್ಧ ಮುಗಿದ ಮೇಲೆ ಅವರು ವೈದ್ಯ ವೈಯರ್ಸ್ ಮತ್ತು ರಸಾಯನಶಾಸ್ತ್ರಜ್ಞ ವಾನ್ ಡಿ ಕಾಮರ್ ಜೊತೆ ಸೇರಿದರು. ಮಕ್ಕಳ ಮಲದಲ್ಲಿ ಹೋಗುವ ಕೊಬ್ಬನ್ನು ಅಳೆದರು. ಗೋಧಿ ಕೊಟ್ಟಾಗ ಅದು ಏರುತ್ತಿತ್ತು, ನಿಲ್ಲಿಸಿದಾಗ ಇಳಿಯುತ್ತಿತ್ತು. 1950ರಲ್ಲಿ ಯುಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧ ಸಲ್ಲಿಸಿದರು. ಗೋಧಿಯ ಪಿಷ್ಟದಿಂದ ತೊಂದರೆಯಿಲ್ಲ, ಗ್ಲುಟೆನ್ನೇ ಕಾರಣ ಎಂಬುದು ಮುಂದೆ ಖಚಿತವಾಯಿತು. 1957ರಲ್ಲಿ ಯುಟ್ರೆಕ್ಟ್‌ನಲ್ಲಿ ಪ್ರಾಧ್ಯಾಪಕರಾದ ಡಿಕ್ಕೆ, 1962ರಲ್ಲಿ 57ನೇ ವಯಸ್ಸಿಗೇ ತೀರಿಕೊಂಡರು.

ಅವರ ಬದುಕಿನಲ್ಲಿ ನನಗೆ ಇಷ್ಟವಾದದ್ದು ತಾಳ್ಮೆ. ಒಮ್ಮೆ ಗುಣವಾದ ಮಗುವನ್ನು ಅಲ್ಲಿಗೇ ಬಿಡದೆ, ತೂಕ ಬರೆದಿಡುತ್ತಾ ವರ್ಷಗಟ್ಟಲೆ ಗಮನಿಸಿದರು. ಈ ಕಾಯಿಲೆಯಲ್ಲಿ ಮುಖ್ಯವಾದದ್ದೂ ಅದೇ. ಹೊಟ್ಟೆನೋವು ನಿಂತಿತೆಂದು ಪಥ್ಯ ಬಿಡುವಂತಿಲ್ಲ. ವೈದ್ಯರು ಹೇಳಿದಂತೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಕಬ್ಬಿಣ, ವಿಟಮಿನ್ ಡಿ ಕಡಿಮೆಯಾಗಿದೆಯೇ ನೋಡಿಸಬೇಕು. ಆಹಾರ ತಜ್ಞರನ್ನು ಕಾಣಬೇಕು. ಒಡಹುಟ್ಟಿದವರಿಗೂ ಪರೀಕ್ಷೆ ಒಳ್ಳೆಯದು.

ನಮ್ಮೂರಲ್ಲೂ ಗೋಧಿ ವೇಷ ಮರೆಸಿಕೊಂಡು ಬರುತ್ತದೆ. ಬಜಿಲ್ ತಿನ್ನಬಹುದು, ಜೊತೆಗಿನ ಸಜ್ಜಿಗೆ ಬೇಡ. ಗೋಳಿಬಜೆ, ಬನ್ಸ್, ಪರೋಟ ಮೈದಾದವು. ಮೀನಿನ ರವಾ ಫ್ರೈಯಲ್ಲಿ ಗೋಧಿ ರವೆ ಇರುತ್ತದೆ. ಅಂಗಡಿಯ ಹಿಂಗಿನ ಪುಡಿಗೂ ಗೋಧಿಹಿಟ್ಟು ಬೆರೆಸುವುದುಂಟು. ಗೋಳಿಬಜೆ ಕರಿದ ಎಣ್ಣೆಯಲ್ಲೇ ಕರಿದ ಕಡಲೆಹಿಟ್ಟಿನ ಬಜ್ಜಿಯೂ ಸುರಕ್ಷಿತವಲ್ಲ. ನಮ್ಮ ದೇಶದ ನಿಯಮದಂತೆ ಗ್ಲುಟೆನ್ ಮುಕ್ತ ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು.

ಡಿಗ್ರಿ ಮುಗಿಸಿ ನಾನೀಗ ಕೆಲಸಕ್ಕೆಂದು ಬೆಂಗಳೂರಿಗೆ ಹೊರಟಿದ್ದೇನೆ. ಪಿ.ಜಿ.ಗಳಲ್ಲಿ ರಾತ್ರಿ ಚಪಾತಿ ಸಾಮಾನ್ಯ. ಒಂದು ದಿನ ತಿಂದರೆ ಏನಾಗುತ್ತದೆ ಎನ್ನುವ ಗೆಳೆಯರೂ ಸಿಗುತ್ತಾರೆ. ಆದ್ದರಿಂದ ಬಾಡಿಗೆ ಕೇಳುವ ಮೊದಲು ಅಡುಗೆಮನೆಯ ಬಗ್ಗೆ ಕೇಳುತ್ತಿದ್ದೇನೆ. ನಿಮ್ಮ ರೂಮಿಗೆ ನನ್ನಂಥವರು ಬಂದರೆ ನಗಬೇಡಿ. ಅವರ ಅನ್ನದ ಪಾತ್ರೆಗೆ ಚಪಾತಿಯ ಸೌಟು ಹಾಕದಿದ್ದರೆ ಅದೇ ದೊಡ್ಡ ಉಪಕಾರ.