ಪ್ರೋಟೀನುಗಳ ನಕ್ಷೆ ಬರೆದ ರಾಮಚಂದ್ರನ್

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತುವವರಿಗೆ ಏದುಸಿರು ಬರುವುದು ಸಹಜ. ಉಸಿರಿನೊಡನೆ ಒಳಬಂದ ಆಮ್ಲಜನಕವನ್ನು ರಕ್ತದಲ್ಲಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನು ದೇಹದ ಎಲ್ಲೆಡೆಗೂ ಹೊತ್ತೊಯ್ಯುತ್ತದೆ. ಸ್ನಾಯುಗಳಲ್ಲಿ ಮಯೋಗ್ಲೋಬಿನ್ ಅದನ್ನು ಹಿಡಿದಿಡುತ್ತದೆ. ನರಕೋಶಗಳಲ್ಲಿಯೂ ಆಮ್ಲಜನಕವನ್ನು ಬಂಧಿಸುವ ನ್ಯೂರೋಗ್ಲೋಬಿನ್ ಎಂಬ ಪ್ರೋಟೀನು ಇರುವ ಸಂಗತಿ 2000ದಲ್ಲಿ ಬೆಳಕಿಗೆ ಬಂದಿತು. ಇವೆಲ್ಲವೂ ಅಮೈನೋ ಆಮ್ಲಗಳ ಸರಪಣಿಗಳು. ಸರಪಣಿಯು ತಕ್ಕ ರೀತಿಯಲ್ಲಿ ಮಡಿಚಿಕೊಂಡಾಗಲೇ ಆಮ್ಲಜನಕವು ನೆಲೆಸಲು ಅದರೊಳಗೆ ಎಡೆ ದೊರೆಯುತ್ತದೆ. ಇಂತಹ ಮಡಿಕೆಗಳಿಗೆ ಒಂದು ಕಟ್ಟಳೆಯಿದೆಯೆಂದು ತೋರಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್.

ಅವರು 1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದರು. ತಂದೆ ಗಣಿತದ ಪ್ರಾಧ್ಯಾಪಕರು. 1942ರಲ್ಲಿ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ಕಲಿಯಲೆಂದು. ಆದರೆ ಸರ್ ಸಿ. ವಿ. ರಾಮನ್ನರ ಸಹವಾಸವು ಅವರನ್ನು ಭೌತವಿಜ್ಞಾನದತ್ತ ಸೆಳೆಯಿತು. ಕ್ಷ-ಕಿರಣಗಳಿಂದ ಸ್ಫಟಿಕಗಳ ಒಳರಚನೆಯನ್ನು ಅರಿಯುವ ವಿದ್ಯೆಯಲ್ಲಿ ಅವರು ಪಳಗಿದರು. ಕೇಂಬ್ರಿಜ್‌ನಲ್ಲಿ 1947ರಿಂದ ಎರಡು ವರ್ಷ ಸಂಶೋಧನೆ ನಡೆಸಿ ಸ್ವದೇಶಕ್ಕೆ ಮರಳಿದರು.

1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದಾಗ ಅವರಿಗಿನ್ನೂ ಮೂವತ್ತರ ಹರೆಯ. ಚರ್ಮಕ್ಕೂ ಮೂಳೆಗೂ ಬಲ ನೀಡುವ ಕೊಲಾಜೆನ್ ಎಂಬ ಪ್ರೋಟೀನನ್ನು ಅವರು ಅಧ್ಯಯನಕ್ಕೆ ಆರಿಸಿಕೊಂಡರು. ಅದು ಮೂರೆಳೆಯ ಹುರಿಯಂತಿದೆಯೆಂದು 1954ರಲ್ಲಿ ಗೋಪಿನಾಥ್ ಕರ್ತಾ ಅವರೊಡನೆ ಪ್ರಕಟಿಸಿದರು.

ಕೂಡಲೇ ವಿದೇಶದಿಂದ ಆಕ್ಷೇಪ ಬಂದಿತು. ಆ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರದಲ್ಲಿವೆಯೆಂಬುದು ಫ್ರಾನ್ಸಿಸ್ ಕ್ರಿಕ್ ಮೊದಲಾದವರ ವಾದ. ರಾಮಚಂದ್ರನ್ ಮುನಿಸಿಕೊಳ್ಳಲಿಲ್ಲ, ಎದೆಗುಂದಲೂ ಇಲ್ಲ. ಪರಮಾಣುಗಳು ಪರಸ್ಪರ ಎಷ್ಟು ಸಮೀಪಿಸಬಲ್ಲವು ಎಂಬ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಅದುವರೆಗೆ ತಿಳಿದಿದ್ದ ಸ್ಫಟಿಕರಚನೆಗಳನ್ನು ಪರಿಶೀಲಿಸಿ ಅಂತರಗಳನ್ನು ಪಟ್ಟಿಮಾಡಿದರು. ಪ್ರೋಟೀನು ಸರಪಣಿಯ ಪ್ರತಿಯೊಂದು ಕೊಂಡಿಯೂ ಮುಖ್ಯವಾಗಿ ಎರಡು ಕೋನಗಳಲ್ಲಿ ತಿರುಗಬಲ್ಲದು. ಆ ಕೋನಗಳ ಯಾವ ಜೋಡಣೆಗಳಲ್ಲಿ ಪರಮಾಣುಗಳು ಒಂದನ್ನೊಂದು ಒತ್ತರಿಸುವುದಿಲ್ಲವೆಂದು ಲೆಕ್ಕಹಾಕಿ ನಕ್ಷೆ ಬರೆದರು. ಶಿಷ್ಯರಾದ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಈ ಕಾರ್ಯದಲ್ಲಿ ಜೊತೆಗಿದ್ದರು. 1963ರಲ್ಲಿ ಪ್ರಕಟವಾದ ಈ ನಕ್ಷೆಯು 'ರಾಮಚಂದ್ರನ್ ನಕ್ಷೆ' ಎಂದೇ ಲೋಕಪ್ರಸಿದ್ಧವಾಯಿತು. ಕೊಲಾಜೆನ್ನಿನ ಮಾದರಿಯಲ್ಲಿ ತಿದ್ದುಪಡಿಗಳಾದರೂ ಮೂರೆಳೆಯ ಮೂಲಕಲ್ಪನೆ ಸ್ಥಿರವಾಗಿ ನಿಂತಿತು.

1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಹಿಂದಿರುಗಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿ ಬೆಳೆಸಿದರು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಅವರಿಗೆ ಸಂದಿತು. ನೊಬೆಲ್ ಪಾರಿತೋಷಕ ಮಾತ್ರ ದೊರೆಯಲಿಲ್ಲ. ಇಳಿವಯಸ್ಸಿನಲ್ಲಿ ಪಾರ್ಕಿನ್‌ಸನ್ ಎಂಬ ನರರೋಗದಿಂದ ಬಳಲಿದ ಅವರು 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ನಿಧನರಾದರು.

ರಕ್ತದ ಪ್ರೋಟೀನಾಗಲಿ, ನರಕೋಶದ ಪ್ರೋಟೀನಾಗಲಿ, ಅದರ ರಚನೆಯನ್ನು ಕಂಡುಹಿಡಿದವರು ಅದು ಸರಿಯೇ ಎಂದು ಒರೆಹಚ್ಚಿ ನೋಡುವುದು ಇಂದಿಗೂ ರಾಮಚಂದ್ರನ್ ನಕ್ಷೆಯಲ್ಲಿಯೇ. ತಮ್ಮ ಮೇಲೆ ಬಂದ ಆಕ್ಷೇಪವನ್ನೇ ಜ್ಞಾನದ ಮೆಟ್ಟಿಲಾಗಿಸಿಕೊಂಡ ಅವರ ಬಾಳು ವಿದ್ಯಾರ್ಥಿಗಳಿಗೆ ಆದರ್ಶಪ್ರಾಯವಾದುದು.