ಲಿಯೋ ಫೆಂಡರ್: ‘ಹಳೆಯ ಗಿಟಾರೇ ಅಸಲಿ’ ಎನ್ನುವವರು ತಿಳಿದಿರಬೇಕಾದ ಬದುಕು

ಎಲೆಕ್ಟ್ರಿಕ್ ಗಿಟಾರ್‌ಗಳ ಬಗ್ಗೆ ಒಂದು ನಂಬಿಕೆ ಬಹಳ ಗಟ್ಟಿಯಾಗಿದೆ. 1950 ಮತ್ತು 60ರ ದಶಕಗಳಲ್ಲಿ ಅಮೆರಿಕದ ಲಿಯೋ ಫೆಂಡರ್ ಮಾಡಿದ ಗಿಟಾರ್‌ಗಳೇ ಪರಿಪೂರ್ಣ, ಅವುಗಳಲ್ಲಿ ಒಂದು ಸ್ಕ್ರೂ ಬದಲಿಸಿದರೂ ಆ ನಾದ ಹೋಯಿತು ಎಂಬುದು ಆ ನಂಬಿಕೆ. ಇದರಿಂದಾಗಿ ಹಳೆಯ ಗಿಟಾರ್‌ಗಳು ಲಕ್ಷಗಟ್ಟಲೆ ರೂಪಾಯಿಗೆ ಮಾರಾಟವಾಗುತ್ತವೆ. ಅದೇ ರೂಪದಲ್ಲಿ ಈಗ ತಯಾರಾಗುವ ‘ರೀಇಶ್ಯೂ’ ಗಿಟಾರ್‌ಗಳಲ್ಲಿ ಚಿಕ್ಕದೊಂದು ಬದಲಾವಣೆ ಕಂಡರೂ ಅದು ಅಸಲಿ ಅಲ್ಲ, ಲಿಯೋಗೆ ಬಗೆದ ದ್ರೋಹ ಎಂಬ ಮಾತು ಬರುತ್ತದೆ.

ಆದರೆ ಸ್ವತಃ ಲಿಯೋ ಫೆಂಡರ್ ತಮ್ಮ ಗಿಟಾರ್‌ಗಳನ್ನು ಹೀಗೆ ನೋಡಿದ್ದರೇ? ಇದಕ್ಕೆ ಉತ್ತರ ಅವರ ಬದುಕಿನಲ್ಲೇ ಇದೆ. ನಾವು ಅದನ್ನು ಮೊದಲಿನಿಂದ ನೋಡೋಣ.

ಕಿತ್ತಳೆ ತೋಟದಿಂದ ರೇಡಿಯೋ ಅಂಗಡಿಗೆ

ಕ್ಲಾರೆನ್ಸ್ ಲಿಯೋನಿಡಾಸ್ ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು. ಕ್ಯಾಲಿಫೋರ್ನಿಯಾದ ಅನಾಹೈಮ್ ಮತ್ತು ಫುಲರ್ಟನ್ ಊರುಗಳ ನಡುವೆ ಅವರ ತಂದೆತಾಯಿಗೆ ಕಿತ್ತಳೆ ತೋಟವಿತ್ತು. ಎಂಟನೇ ವಯಸ್ಸಿನಲ್ಲಿ ಗೆಡ್ಡೆ ಬೆಳೆದು ಲಿಯೋ ಒಂದು ಕಣ್ಣು ಕಳೆದುಕೊಂಡರು. ಆ ಜಾಗದಲ್ಲಿ ಗಾಜಿನ ಕಣ್ಣು ಕೂರಿಸಲಾಯಿತು. ಮುಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಸೇನೆಗೆ ಹೋಗದೆ ಊರಲ್ಲೇ ಉಳಿದದ್ದು ಇದೇ ಕಾರಣಕ್ಕೆ.

ಹದಿಹರೆಯದಲ್ಲಿ ಅವರನ್ನು ಸೆಳೆದದ್ದು ರೇಡಿಯೋ. ಕಾರುಗಳ ವಿದ್ಯುತ್ ಕೆಲಸ ಮಾಡುತ್ತಿದ್ದ ಸಂಬಂಧಿಯೊಬ್ಬರು ಬಿಡಿಭಾಗಗಳನ್ನು ಜೋಡಿಸಿ ಮಾಡಿದ್ದ ರೇಡಿಯೋವನ್ನು ನೋಡಿದ ಮೇಲೆ ಆ ಹುಚ್ಚು ಬಿಡಲಿಲ್ಲ. ಆದರೆ ಕಾಲೇಜಿನಲ್ಲಿ ಓದಿದ್ದು ಲೆಕ್ಕಪತ್ರ ವಿಷಯ, ಮಾಡಿದ್ದು ಲೆಕ್ಕ ಬರೆಯುವ ಕೆಲಸ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಆ ಕೆಲಸವೂ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು.

ಇಲ್ಲೇ ಒಂದು ವಿಷಯ ಹೇಳಿಬಿಡಬೇಕು. ಜಗತ್ತಿನ ಅತಿ ಹೆಸರುವಾಸಿ ಗಿಟಾರ್‌ಗಳನ್ನು ಮಾಡಿದ ಈ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಸ್ವಲ್ಪ ಪಿಯಾನೋ, ಸ್ವಲ್ಪ ಸ್ಯಾಕ್ಸೋಫೋನ್ ಕಲಿತಿದ್ದರು, ಅಷ್ಟೇ. ಗಿಟಾರ್ ಅವರ ಪಾಲಿಗೆ ರಿಪೇರಿಗೆ ಬರುವ ಇನ್ನೊಂದು ಯಂತ್ರವಾಗಿತ್ತು. ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ, ಬೇಗ ಸರಿಮಾಡುವುದು ಹೇಗೆ ಎಂಬುದೇ ಅವರ ಪ್ರಶ್ನೆ.

ಎಲೆಕ್ಟ್ರಿಕ್ ಗಿಟಾರ್ ಕಂಡುಹಿಡಿದವರು ಲಿಯೋನಾ?

ಅಲ್ಲ. ಇದು ಇನ್ನೊಂದು ತಪ್ಪು ತಿಳಿವಳಿಕೆ. ರಿಕನ್‌ಬ್ಯಾಕರ್ ಕಂಪನಿಯ ಎಲೆಕ್ಟ್ರಿಕ್ ಸ್ಟೀಲ್ ಗಿಟಾರ್ 1930ರ ದಶಕದ ಆರಂಭದಲ್ಲೇ ಬಂದಿತ್ತು. ಗಟ್ಟಿ ಮರದ ಗಿಟಾರನ್ನು ಲಿಯೋಗಿಂತ ಮೊದಲೇ ಲೆಸ್ ಪಾಲ್, ಪಾಲ್ ಬಿಗ್ಸ್‌ಬಿ ಮುಂತಾದವರು ಮಾಡಿ ನೋಡಿದ್ದರು.

ಎಲೆಕ್ಟ್ರಿಕ್ ಗಿಟಾರ್ ಕೆಲಸ ಮಾಡುವ ರೀತಿ ಸರಳ. ತಂತಿಗಳ ಕೆಳಗೆ ‘ಪಿಕಪ್’ ಇರುತ್ತದೆ. ಅಂದರೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರ ಅಲುಗಿ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಸೈಕಲ್ ಡೈನಮೋ ಹಿಂದಿರುವ ತತ್ವವೇ ಇದು. ಆ ವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸಿ ಸ್ಪೀಕರ್‌ಗೆ ಕೊಡುತ್ತದೆ.

ಆಗಿನ ಗಿಟಾರ್‌ಗಳ ಒಳಗು ಟೊಳ್ಳು. ಸ್ಪೀಕರ್ ಸದ್ದು ಜೋರಾದರೆ ಗಿಟಾರ್‌ನ ಮೈಯೇ ನಡುಗಿ, ಪಿಕಪ್ ಅದನ್ನೂ ಹಿಡಿದು, ಮತ್ತೆ ಸ್ಪೀಕರ್‌ಗೆ ಕಳಿಸಿ ಕಿರುಚಾಟ ಶುರುವಾಗುತ್ತಿತ್ತು. ಗಣೇಶನ ಪೆಂಡಾಲ್‌ನಲ್ಲಿ ಮೈಕನ್ನು ಸ್ಪೀಕರ್ ಮುಂದೆ ಹಿಡಿದಾಗ ಕೇಳುವ ಕೀರಲು ಸದ್ದು ಇದೇ. ಗಟ್ಟಿ ಮರದ ಮೈ ಇದಕ್ಕೆ ಒಳ್ಳೆಯ ಪರಿಹಾರ.

ಲಿಯೋ ಸಾಧಿಸಿದ್ದು ಇಂಥ ಗಿಟಾರನ್ನು ಕಾರ್ಖಾನೆಯಲ್ಲಿ ಬೇಗ, ಕಡಿಮೆ ಖರ್ಚಿನಲ್ಲಿ ಮಾಡುವ ದಾರಿ. 1946ರಲ್ಲಿ ಫೆಂಡರ್ ಕಂಪನಿ ಶುರುವಾಯಿತು. 1950ರಲ್ಲಿ ‘ಎಸ್ಕ್ವೈರ್’ ಮತ್ತು ‘ಬ್ರಾಡ್‌ಕಾಸ್ಟರ್’ ಗಿಟಾರ್‌ಗಳು ಬಂದವು. ಬ್ರಾಡ್‌ಕಾಸ್ಟರ್ ಹೆಸರು ಗ್ರೆಚ್ ಕಂಪನಿಯ ಡ್ರಮ್ ಹೆಸರನ್ನು ಹೋಲುತ್ತಿದ್ದುದರಿಂದ 1951ರಲ್ಲಿ ಅದು ‘ಟೆಲಿಕಾಸ್ಟರ್’ ಆಯಿತು. ಇದರ ನೆಕ್, ಅಂದರೆ ಉದ್ದನೆಯ ಹಿಡಿ, ಮೈಗೆ ಅಂಟಿಸಿದ್ದಲ್ಲ, ನಾಲ್ಕು ಸ್ಕ್ರೂಗಳಿಂದ ಕೂರಿಸಿದ್ದು. ಕೆಟ್ಟರೆ ಬಿಚ್ಚಿ ಬದಲಿಸಬಹುದು. ರಿಪೇರಿಯವರ ತಲೆ ಓಡಿದ್ದು ಹಾಗೆ.

ದೂರು ಕೇಳಿ ಕೇಳಿ ಬದಲಿಸಿದ ವರ್ಷಗಳು

ತಮಗೆ ನುಡಿಸಲು ಬಾರದ ಕಾರಣ ಲಿಯೋ ನುಡಿಸುವವರ ಮಾತು ಕೇಳಿದರು. ಹೊಸದಾಗಿ ಮಾಡಿದ್ದನ್ನು ಸಂಗೀತಗಾರರ ಕೈಗೆ ಕೊಟ್ಟು, ಏನು ಸರಿಯಿಲ್ಲ ಎಂದು ವಿಚಾರಿಸುತ್ತಿದ್ದರು. ಮೊದಲ ಕೆಲವು ಗಿಟಾರ್‌ಗಳ ನೆಕ್ ಒಳಗೆ ‘ಟ್ರಸ್ ರಾಡ್’ ಇರಲಿಲ್ಲ. ತಂತಿಗಳ ಎಳೆತಕ್ಕೆ ನೆಕ್ ಬಾಗದಂತೆ ಹಿಡಿಯುವ ಉಕ್ಕಿನ ಸರಳು ಅದು. ಬೇಗನೆ ಅದನ್ನು ಸೇರಿಸಲಾಯಿತು.

ಟೆಲಿಕಾಸ್ಟರ್‌ನ ಚೂಪು ಅಂಚು ಪಕ್ಕೆಗೆ ಒತ್ತುತ್ತದೆ ಎಂಬ ದೂರು ಬಂತು. 1954ರಲ್ಲಿ ಬಂದ ‘ಸ್ಟ್ರಾಟೋಕಾಸ್ಟರ್’ನ ಮೈಯನ್ನು ದೇಹಕ್ಕೆ ಹೊಂದುವಂತೆ ಕೆತ್ತಲಾಯಿತು. ಟೆಲಿಕಾಸ್ಟರ್‌ನಲ್ಲಿ ಎರಡೆರಡು ತಂತಿಗಳಿಗೆ ಒಂದೊಂದು ‘ಸ್ಯಾಡಲ್’ ಇತ್ತು. ತಂತಿಯ ಉದ್ದವನ್ನು ಹೊಂದಿಸುವ ಆಸರೆ ಅದು. ಇಬ್ಬರಿಗೆ ಒಂದೇ ಅಳತೆಯ ಚಪ್ಪಲಿ ಕೊಟ್ಟ ಹಾಗೆ, ಒಂದು ತಂತಿಯ ಶ್ರುತಿ ಸರಿಯಾದರೆ ಇನ್ನೊಂದರದು ಸ್ವಲ್ಪ ತಪ್ಪುತ್ತಿತ್ತು. ಸ್ಟ್ರಾಟೋಕಾಸ್ಟರ್‌ಗೆ ಲಿಯೋ ಆರು ತಂತಿಗೆ ಆರು ಸ್ಯಾಡಲ್ ಕೊಟ್ಟರು.

ಬದಲಾವಣೆ ಅಲ್ಲಿಗೇ ನಿಲ್ಲಲಿಲ್ಲ. 1956ರ ಹೊತ್ತಿಗೆ ಮೈಗೆ ಆಶ್ ಮರದ ಬದಲು ಹೆಚ್ಚಾಗಿ ಆಲ್ಡರ್ ಮರ ಬಂತು. 1957ರಲ್ಲಿ ಬೇಸ್ ಗಿಟಾರ್‌ನ ಪಿಕಪ್ ಎರಡು ತುಂಡಾಗಿ, ವಿದ್ಯುತ್ ಗುಂಯ್‌ಗುಡುವಿಕೆ ಅಡಗಿತು. 1959ರಲ್ಲಿ ಫ್ರೆಟ್‌ಬೋರ್ಡ್‌ಗೆ ಮೇಪಲ್ ಬದಲು ರೋಸ್‌ವುಡ್ ಬಂತು. 1962ರಲ್ಲಿ ಆ ರೋಸ್‌ವುಡ್ ಪದರವೇ ತೆಳುವಾಯಿತು.

ಹಾಗಾದರೆ ಇವುಗಳಲ್ಲಿ ಅಸಲಿ ಸ್ಟ್ರಾಟೋಕಾಸ್ಟರ್ ಯಾವುದು? 1954ರದ್ದೇ, 1957ರದ್ದೇ, 1962ರದ್ದೇ? ಮೂರನ್ನೂ ಮಾಡಿದ್ದು ಲಿಯೋ ಅವರ ಕಾರ್ಖಾನೆಯೇ. ಮೂರೂ ಒಂದರಂತೆ ಒಂದಿಲ್ಲ.

ಹೆಸರನ್ನೇ ಮಾರಿದ ಮನುಷ್ಯ

1960ರ ದಶಕದಲ್ಲಿ ಲಿಯೋ ಅವರನ್ನು ಸೈನಸ್ ಸೋಂಕು ಹಣ್ಣುಮಾಡಿತು. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದ ಈ ಸೋಂಕು ಬಿಟ್ಟುಹೋಗಲೇ ಇಲ್ಲ. ಇನ್ನು ತಮ್ಮಿಂದ ವ್ಯವಹಾರ ನಡೆಸಲಾಗದು ಎಂದುಕೊಂಡು, 1965ರ ಜನವರಿಯಲ್ಲಿ ಕಂಪನಿಯನ್ನು 1.3 ಕೋಟಿ ಡಾಲರ್‌ಗೆ ಸಿಬಿಎಸ್ ಸಂಸ್ಥೆಗೆ ಮಾರಿದರು. ಕಂಪನಿಯ ಜೊತೆ ‘ಫೆಂಡರ್’ ಎಂಬ ಹೆಸರೂ ಹೋಯಿತು. ಹತ್ತು ವರ್ಷ ಪೈಪೋಟಿಗೆ ಇಳಿಯುವಂತಿಲ್ಲ ಎಂಬ ಷರತ್ತೂ ಇತ್ತು.

ಮಾರಿದ ಸ್ವಲ್ಪ ಕಾಲಕ್ಕೆ ಬೇರೊಬ್ಬ ವೈದ್ಯರ ಚಿಕಿತ್ಸೆಯಿಂದ ಸೋಂಕು ವಾಸಿಯಾಯಿತು. ಆರೋಗ್ಯ ಮರಳಿತು, ಹೆಸರು ಮರಳಲಿಲ್ಲ.

1970ರ ದಶಕದಲ್ಲಿ ಸಿಬಿಎಸ್ ಖರ್ಚು ಉಳಿಸಲು ಹೊರಟಿತು, ತಯಾರಿಕೆಯ ಗುಣಮಟ್ಟ ಇಳಿಯಿತು ಎಂಬ ದೂರುಗಳು ಹೆಚ್ಚಾದವು. ಲಿಯೋ ಕಾಲದ್ದೇ ಒಳ್ಳೆಯದು ಎಂಬ ಮಾತು ಬೆಳೆದದ್ದು ಇಲ್ಲಿಂದ. ಆ ಮಾತಿಗೆ ಆಗ ಆಧಾರವಿತ್ತು. ಆದರೆ ಅದು ಪೂರ್ತಿ ಸತ್ಯವಲ್ಲ. 1969ರಲ್ಲಿ ವುಡ್‌ಸ್ಟಾಕ್ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ನುಡಿಸಿದ ಬಿಳಿ ಸ್ಟ್ರಾಟೋಕಾಸ್ಟರ್ 1968ರಲ್ಲಿ ತಯಾರಾದದ್ದು, ಅಂದರೆ ಲಿಯೋ ಕಂಪನಿ ಮಾರಿದ ಮೇಲಿನದು.

ಲಿಯೋ ಸುಮ್ಮನೆ ಕೂರಲಿಲ್ಲ. ಷರತ್ತಿನ ಅವಧಿ ಮುಗಿದ ಮೇಲೆ 1975ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷರಾದರು. 1976ರಲ್ಲಿ ಬಂದ ಅದರ ‘ಸ್ಟಿಂಗ್‌ರೇ’ ಬೇಸ್ ಗಿಟಾರ್‌ನ ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇತ್ತು. ಹಳೆಯ ಫೆಂಡರ್‌ಗಳಲ್ಲಿ ಇಲ್ಲದ್ದು ಅದು. 1980ರ ಹೊತ್ತಿಗೆ ಹಳೆಯ ಒಡನಾಡಿ ಜಾರ್ಜ್ ಫುಲರ್ಟನ್ ಜೊತೆ ಸೇರಿ ‘ಜಿ ಅಂಡ್ ಎಲ್’ ಕಂಪನಿ ಕಟ್ಟಿದರು. ಅಲ್ಲಿ ಪಿಕಪ್, ಬ್ರಿಡ್ಜ್, ಸ್ವರ ಅಲುಗಿಸುವ ಟ್ರೆಮೊಲೊ ಎಲ್ಲವನ್ನೂ ಹೊಸದಾಗಿ ರೂಪಿಸಿದರು. ತಾವು ಮಾಡಿದ್ದರಲ್ಲಿ ಇವೇ ಉತ್ತಮ ಎಂಬುದು ಅವರ ಅಭಿಪ್ರಾಯವಾಗಿತ್ತು. ಆ ಕಾರ್ಖಾನೆಯಿದ್ದ ಬೀದಿಗೆ ಫೆಂಡರ್ ಅವೆನ್ಯೂ ಎಂದೇ ಹೆಸರು. ಬೀದಿಗೆ ಅವರ ಹೆಸರಿತ್ತು, ಅವರ ಹೊಸ ಗಿಟಾರ್‌ಗಳ ಮೇಲೆ ಇರುವಂತಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಕಾಡಿತು. ಕೈಕಾಲಿನ ಹಿಡಿತ ತಪ್ಪಿಸುವ ಈ ಕಾಯಿಲೆಯಿದ್ದರೂ ಅವರು ಕೆಲಸಕ್ಕೆ ಹೋಗುವುದನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು ತೀರಿಕೊಂಡರು. ಹಿಂದಿನ ದಿನವೂ ಕಾರ್ಖಾನೆಗೆ ಹೋಗಿದ್ದರು.

ಹಳೆಯ ರೂಪ, ಹೊಸ ಒಳಗು: ಈಗ ಬದಲಾಗುತ್ತಿರುವುದೇನು?

ಸಿಬಿಎಸ್ ಒಡೆತನದಲ್ಲಿದ್ದಾಗಲೇ, 1982ರಲ್ಲಿ, ಫೆಂಡರ್ ಕಂಪನಿ ಹಳೆಯ ಮಾದರಿಗಳನ್ನು ಮತ್ತೆ ತಯಾರಿಸಲು ಶುರುಮಾಡಿತು. 1952ರ ಟೆಲಿಕಾಸ್ಟರ್, 1957 ಮತ್ತು 1962ರ ಸ್ಟ್ರಾಟೋಕಾಸ್ಟರ್ ಮೊದಲ ಸಾಲಿನವು. ಇಂಥ ಗಿಟಾರ್‌ಗಳಲ್ಲಿ ಎರಡು ಬಗೆ. 2022ರ ‘ಅಮೆರಿಕನ್ ವಿಂಟೇಜ್ 2’ ಸಾಲಿನಂಥವು ಹಳೆಯ ಅಳತೆಗಳನ್ನೇ ಇಟ್ಟುಕೊಳ್ಳುತ್ತವೆ. 2018ರ ‘ಅಮೆರಿಕನ್ ಒರಿಜಿನಲ್’ ಸಾಲಿನಂಥವು ನೋಟವನ್ನು ಹಳೆಯದಾಗಿಟ್ಟು ಕೆಲವನ್ನು ಬದಲಿಸಿದವು. ಸಾಮಾನ್ಯವಾಗಿ ಕಾಣುವ ಬದಲಾವಣೆಗಳು ಇವು:

• ಫ್ರೆಟ್‌ಬೋರ್ಡ್ ಬಾಗು: ಫ್ರೆಟ್‌ಬೋರ್ಡ್ ಅಡ್ಡಲಾಗಿ ಸ್ವಲ್ಪ ಉಬ್ಬಿರುತ್ತದೆ. ಹಳೆಯದರಲ್ಲಿ ಈ ಉಬ್ಬಿನ ತ್ರಿಜ್ಯ 7.25 ಇಂಚು, ಹೊಸದರಲ್ಲಿ ಹೆಚ್ಚಾಗಿ 9.5 ಇಂಚು. ತ್ರಿಜ್ಯ ಹೆಚ್ಚಾದಷ್ಟೂ ಉಬ್ಬು ಕಡಿಮೆ. ಉಬ್ಬು ಹೆಚ್ಚಿದ್ದರೆ ಕಾರ್ಡ್ ಹಿಡಿಯಲು ಹಿತ. ಆದರೆ ಮೇಲಿನ ಸ್ವರಗಳಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದರೆ ಅದು ಮುಂದಿನ ಫ್ರೆಟ್‌ಗೆ ತಾಗಿ ಸದ್ದು ಸಾಯಬಹುದು.

• ಟ್ರಸ್ ರಾಡ್: ಹಳೆಯ ಮಾದರಿಯಲ್ಲಿ ಇದನ್ನು ತಿರುಗಿಸುವ ಜಾಗ ನೆಕ್‌ನ ಬುಡದಲ್ಲಿತ್ತು. ಸರಿಪಡಿಸಲು ನೆಕ್ಕನ್ನೇ ಸಡಿಲಿಸಬೇಕು. ಹಲವು ಹೊಸ ಮಾದರಿಗಳಲ್ಲಿ ಅದು ತುದಿಯಲ್ಲೇ ಸಿಗುತ್ತದೆ.

• ಪಿಕಪ್ ಸ್ವಿಚ್: ಮೊದಲ ಸ್ಟ್ರಾಟೋಕಾಸ್ಟರ್‌ನ ಸ್ವಿಚ್‌ಗೆ ಮೂರೇ ಸ್ಥಾನ. ಸಂಗೀತಗಾರರು ಅದನ್ನು ಎರಡು ಸ್ಥಾನಗಳ ನಡುವೆ ನಿಲ್ಲಿಸಿ ಹೊಸ ನಾದ ಕಂಡುಕೊಂಡರು. 1977ರಲ್ಲಿ ಐದು ಸ್ಥಾನದ ಸ್ವಿಚ್ ಬಂತು.

• ನಡುವಿನ ಪಿಕಪ್: ಹೊಸ ಗಿಟಾರ್‌ಗಳಲ್ಲಿ ಇದರ ಸುರುಳಿ ಮತ್ತು ಅಯಸ್ಕಾಂತ ಎರಡೂ ಉಲ್ಟಾ ಇರುವುದುಂಟು. ಪಕ್ಕದ ಪಿಕಪ್ ಜೊತೆ ಬಳಸಿದಾಗ ಕರೆಂಟಿನ ಗುಂಯ್ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ಸದ್ದು ಉಳಿಯುತ್ತದೆ.

• ಮರ: ಹಳೆಯ ಫ್ರೆಟ್‌ಬೋರ್ಡ್‌ಗಳಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಇತ್ತು. ಅಳಿವಿನಂಚಿಗೆ ಬಂದ ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲಿ ನಿಷೇಧ ಬಿತ್ತು. ಈಗ ಹೆಚ್ಚಾಗಿ ಬಳಸುವುದು ಭಾರತದ ರೋಸ್‌ವುಡ್. ನಮ್ಮ ಮಲೆನಾಡಿನವರಿಗೆ ಅದು ಬೀಟೆ ಮರ ಎಂದೇ ಗೊತ್ತು.

ಹಳೆಯ ಬಣ್ಣದಲ್ಲಿ ಮರ ಉಸಿರಾಡುತ್ತದೆಯೇ?

ಹಳೆಯ ನೈಟ್ರೋಸೆಲ್ಯುಲೋಸ್ ಬಣ್ಣದಲ್ಲಿ ಮರ ಉಸಿರಾಡುತ್ತದೆ, ಹೊಸ ಪಾಲಿಯೆಸ್ಟರ್ ಬಣ್ಣದಲ್ಲಿ ಉಸಿರುಗಟ್ಟುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಕಡಿದು ಒಣಗಿಸಿದ ಮರ ಉಸಿರಾಡುವುದಿಲ್ಲ. ಗಾಳಿಯ ತೇವವನ್ನು ಸ್ವಲ್ಪ ಹೀರಿ ಬಿಡುತ್ತದೆ, ಅಷ್ಟೇ. ಆ ಕಾಲದ ಫೆಂಡರ್‌ಗಳ ವಿಶೇಷ ಬಣ್ಣಗಳು ಕಾರುಗಳಿಗೆ ಬಳಿಯುತ್ತಿದ್ದ ಡ್ಯುಪಾಂಟ್ ಬಣ್ಣಗಳೇ. ಅವುಗಳಲ್ಲಿ ಕೆಲವು ನೈಟ್ರೋ ಅಲ್ಲ, ಅಕ್ರಿಲಿಕ್. ಬೇಗ ಒಣಗುತ್ತದೆ, ಸುಲಭವಾಗಿ ಸಿಗುತ್ತದೆ ಎಂಬಂಥ ಕಾರಣಗಳು ಕಾರ್ಖಾನೆಗೆ ಮುಖ್ಯವಾಗಿದ್ದವು.

ಹಾಗಾದರೆ ನಿಜ ಏನು?

ಹಳೆಯ ಫೆಂಡರ್‌ಗಳು ಒಳ್ಳೆಯ ಗಿಟಾರ್‌ಗಳು. ಅವುಗಳ ಬೆಲೆಗೆ ಅಪರೂಪ, ಇತಿಹಾಸ, ಅವನ್ನು ನುಡಿಸಿದ ದೊಡ್ಡವರ ಹೆಸರು ಎಲ್ಲವೂ ಕಾರಣ. ಹಳೆಯ ಅಳತೆಯೇ ನಿಮ್ಮ ಕೈಗೆ ಹಿತವಾದರೆ ಅದನ್ನೇ ಕೊಳ್ಳಿ, ತಪ್ಪೇನಿಲ್ಲ. ಆದರೆ ಉಬ್ಬು ಕಡಿಮೆಯಾದ ಫ್ರೆಟ್‌ಬೋರ್ಡ್ ಅಥವಾ ಆರು ಸ್ಯಾಡಲ್ ಇರುವ ಟೆಲಿಕಾಸ್ಟರ್ ಲಿಯೋಗೆ ಮಾಡಿದ ದ್ರೋಹವಲ್ಲ. ಒಂದು ಕಣ್ಣು, ಕಳೆದುಹೋದ ಕೆಲಸ, ಬಿಡದ ಸೋಂಕು, ಮಾರಿದ ಹೆಸರು, ನಡುಗುವ ದೇಹ, ಇಷ್ಟೆಲ್ಲದರ ನಡುವೆಯೂ ಆ ಮನುಷ್ಯ ಬಿಡದೆ ಮಾಡಿದ ಕೆಲಸ ಒಂದೇ: ನಿನ್ನೆಯ ಗಿಟಾರ್‌ನಲ್ಲಿ ಏನು ಸರಿಯಿಲ್ಲ ಎಂದು ಹುಡುಕಿ ತಿದ್ದುವುದು.

ಗಿಟಾರ್ ಕಲಿಯುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಇದನ್ನು ಅವರಿಗೂ ಕಳಿಸಿ. ಇಸವಿ ನೋಡಿ ಸಾಲ ಮಾಡುವ ಮೊದಲು, ಕೈಯಲ್ಲಿ ಹಿಡಿದು ನುಡಿಸಿ ನೋಡಲಿ. ಲಿಯೋ ಮಾಡಿದ ಅಸಲಿಯೇ ಬೇಕು ಎಂದು ಯಾರಾದರೂ ಹೇಳಿದರೆ, ಯಾವ ಇಸವಿಯದ್ದು ಎಂದು ಒಮ್ಮೆ ಕೇಳಿ ನೋಡಿ.