ಕಸಿಗಿಡವನ್ನು ರೈತರ ಬಳಿಗೆ ತಂದ ಡಾ. ಎಂ.ಎಚ್. ಮರಿಗೌಡ

ಕರ್ನಾಟಕದ ತೋಟಗಾರಿಕೆಯ ಪಿತಾಮಹರೆಂದು ಹೆಸರಾದ ಡಾ. ಎಂ.ಎಚ್. ಮರಿಗೌಡರು 1916ರಲ್ಲಿ ಮೈಸೂರು ಜಿಲ್ಲೆಯಲ್ಲಿ ಜನಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಮರಳಿ, ಲಾಲ್‌ಬಾಗಿನ ಹೊಣೆ ಹೊತ್ತು, 1963ರಲ್ಲಿ ತೋಟಗಾರಿಕೆ ನಿರ್ದೇಶಕರಾದರು.

ಗೇರು ಪರಕೀಯ ಪರಾಗಸ್ಪರ್ಶದ ಬೆಳೆ. ಬೀಜದ ಸಸಿಯಲ್ಲಿ ತಾಯಿಮರದ ಗುಣ ಉಳಿಯುವ ಭರವಸೆಯಿಲ್ಲ. ಮಾವಿನ ಬಹುಪಾಲು ತಳಿಗಳದೂ ಇದೇ ಪಾಡು. ಗಿಡ ಕಳಪೆಯೆಂದು ತಿಳಿಯುವ ಹೊತ್ತಿಗೆ ರೈತನ ನಾಲ್ಕೈದು ವರ್ಷದ ದುಡಿಮೆ ಮಣ್ಣುಪಾಲಾಗಿರುತ್ತದೆ. ಆದುದರಿಂದ ಮರಿಗೌಡರು ರಾಜ್ಯದಾದ್ಯಂತ ಸ್ಥಾಪಿಸಿದ ಮುನ್ನೂರಕ್ಕೂ ಹೆಚ್ಚು ತೋಟಗಾರಿಕಾ ಕ್ಷೇತ್ರ ಮತ್ತು ಸಸ್ಯಾಗಾರಗಳೇ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳಿಗಿಂತಲೂ, ಅವರ ದೊಡ್ಡ ಕೊಡುಗೆಯೆನ್ನಬೇಕು. ನಂಬಲರ್ಹ ತಾಯಿಮರ, ಅದರಿಂದ ಪಡೆದ ಕಸಿಗಿಡ ಹಳ್ಳಿಗೆ ಹತ್ತಿರವಾದವು. ಬೆಂಗಳೂರಿನ ಉತ್ತರಕ್ಕಿರುವ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನೆಲೆಗೊಂಡುದೂ ಅವರ ಅಧಿಕಾರಾವಧಿಯಲ್ಲಿಯೇ. ಅವರು 1992ರಲ್ಲಿ ನಿಧನರಾದರು. ಲಾಲ್‌ಬಾಗಿನಲ್ಲಿ ಅವರ ಹೆಸರಿನ ಸ್ಮಾರಕ ಭವನವಿದೆ.

ಇಂದು ಗೇರಿಗೆ ಮೃದುಕಾಂಡ ಕಸಿಯೇ ರೂಢಿಯಲ್ಲಿದೆ. ಸುಮಾರು 45 ದಿನಗಳ ಬೇರುಸಸಿಯ ತುದಿ ಕತ್ತರಿಸಿ, ಕಾಂಡವನ್ನು ಸೀಳಿ, ಬೆಣೆಯಾಕಾರದಲ್ಲಿ ಕೆತ್ತಿದ ಕಸಿಕಡ್ಡಿಯನ್ನು ಕೂರಿಸಿ ಪಾಲಿಥೀನ್ ಪಟ್ಟಿಯಿಂದ ಬಿಗಿಯಲಾಗುತ್ತದೆ. ನೆಡುವಾಗ ಕಸಿಗಂಟು ಮಣ್ಣಿನಿಂದ ಮೇಲಿರಲಿ. ಗಂಟಿನ ಕೆಳಗೆ ಒಡೆದ ಚಿಗುರನ್ನು ಆಗಿಂದಾಗ್ಗೆ ಚಿವುಟಿ ತೆಗೆಯತಕ್ಕದ್ದು.